ಅನ್ನನಾಳದ ಕ್ಯಾನ್ಸರ್‌ನಲ್ಲಿ ಅಡ್ರಿನಲ್ ಹಾರ್ಮೋನುಗಳ ಏರುಪೇರು: ಪದೇ ಪದೇ ಕೇಳುವ ಪ್ರಶ್ನೆಗಳು

ಅನ್ನನಾಳದ ಕ್ಯಾನ್ಸರ್ ಇರುವವರಿಗೆ ಸುಸ್ತಾಗುವುದು, ತೂಕ ಇಳಿಯುವುದು, ಊಟ ಸೇರದಿರುವುದು ಯಾರಿಗೂ ಹೊಸದೆನಿಸುವುದಿಲ್ಲ. ಹಾಗಾಗಿಯೇ ಇವುಗಳ ನಡುವೆ ಸೇರಿಕೊಂಡ, ಅಡ್ರಿನಲ್ ಗ್ರಂಥಿಯ ಹಾರ್ಮೋನಾದ ಕಾರ್ಟಿಸೋಲ್‌ನ ಕೊರತೆ ವಾರಗಟ್ಟಲೆ ಯಾರ ಗಮನಕ್ಕೂ ಬಾರದೆ ಉಳಿದುಬಿಡುತ್ತದೆ. ಕ್ಯಾನ್ಸರ್ ಹತೋಟಿಗೆ ಬರದ ಹಂತದಲ್ಲೂ ಈ ಕೊರತೆಯನ್ನು ಒಂದು ರಕ್ತಪರೀಕ್ಷೆಯಿಂದ ಹಿಡಿಯಬಹುದು, ದಿನವೂ ನುಂಗುವ ಮಾತ್ರೆಯಿಂದ ತುಂಬಿಕೊಡಬಹುದು. ಈ ಪುಟ ರೋಗಿಗಳಿಗೆ, ಅವರನ್ನು ನೋಡಿಕೊಳ್ಳುವ ಮನೆಯವರಿಗೆ ಮತ್ತು ಊರಿನಲ್ಲಿ ಅವರನ್ನು ಮೊದಲು ನೋಡುವ ವೈದ್ಯರು, ನರ್ಸ್‌ಗಳಿಗೆ. ಇಲ್ಲಿರುವ ಡೋಸ್‌ಗಳೆಲ್ಲ ವಯಸ್ಕರವು. ನಿಮ್ಮ ಡೋಸ್ ಎಷ್ಟು ಎನ್ನುವುದನ್ನು ನಿಮ್ಮ ವೈದ್ಯರೇ ಬರೆದುಕೊಡಬೇಕು.

ಅಡ್ರಿನಲ್ ಗ್ರಂಥಿಗೂ ಅನ್ನನಾಳಕ್ಕೂ ಏನು ಸಂಬಂಧ?

ನೇರ ಸಂಬಂಧವಿಲ್ಲ. ಅಡ್ರಿನಲ್ ಗ್ರಂಥಿಗಳು ಎರಡು. ಒಂದೊಂದು ಮೂತ್ರಪಿಂಡದ ಮೇಲೆ ಒಂದೊಂದು. ತೂಕ ತಲಾ 4ರಿಂದ 5 ಗ್ರಾಂ. ಹೊರಪದರದಿಂದ ಮೂರು ಬಗೆಯ ಹಾರ್ಮೋನು ಬರುತ್ತದೆ: ಉಪ್ಪು ಮತ್ತು ಪೊಟ್ಯಾಸಿಯಂ ನೋಡಿಕೊಳ್ಳುವ ಆಲ್ಡೊಸ್ಟಿರೋನ್, ಬಿಪಿ-ಸಕ್ಕರೆ-ಉರಿಯೂತವನ್ನು ಹದದಲ್ಲಿಡುವ ಕಾರ್ಟಿಸೋಲ್, ಮತ್ತು ಡಿಎಚ್‌ಇಎ ಎಂಬ ಲೈಂಗಿಕ ಹಾರ್ಮೋನಿನ ಕಚ್ಚಾ ರೂಪ. ಒಳಭಾಗದಿಂದ ಬರುವುದು ಅಡ್ರಿನಲಿನ್, ನಾರ್‌ಅಡ್ರಿನಲಿನ್.

ಕಾರ್ಟಿಸೋಲ್ ಎಷ್ಟು ಬೇಕೆಂದು ಹೇಳುವುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ. ಅದು ಕಳಿಸುವ ಎಸಿಟಿಎಚ್ ಎಂಬ ಹಾರ್ಮೋನು ಬಂದಾಗಷ್ಟೇ ಅಡ್ರಿನಲ್ ಸಾಕಷ್ಟು ಕಾರ್ಟಿಸೋಲ್ ಮಾಡುತ್ತದೆ. ಹೀಗಾಗಿ ತೊಂದರೆ ಎರಡು ಕಡೆಯಿಂದ ಬರಬಹುದು. ಗ್ರಂಥಿಯೇ ಹಾಳಾದರೆ ಕಾರ್ಟಿಸೋಲ್, ಆಲ್ಡೊಸ್ಟಿರೋನ್ ಎರಡೂ ಹೋಗುತ್ತವೆ. ಪೊಟ್ಯಾಸಿಯಂ ಏರುತ್ತದೆ, ಅಂಗೈ ಗೆರೆ ಮತ್ತು ಒಸಡು ಕಪ್ಪಾಗುತ್ತವೆ. ಪಿಟ್ಯುಟರಿ ಸುಮ್ಮನಾದರೆ ಕಾರ್ಟಿಸೋಲ್ ಮಾತ್ರ ಹೋಗುತ್ತದೆ; ಪೊಟ್ಯಾಸಿಯಂ ಸರಿಯಾಗೇ ಇರುತ್ತದೆ, ಬಣ್ಣವೂ ಬದಲಾಗುವುದಿಲ್ಲ. ಅನ್ನನಾಳದ ಕ್ಯಾನ್ಸರ್‌ನವರಲ್ಲಿ ಹೆಚ್ಚಾಗಿ ಕಾಣುವುದು ಈ ಎರಡನೆಯದು, ಮತ್ತು ಅದರ ಕಾರಣ ಬಹುಪಾಲು ಔಷಧಿ.

ಕ್ಯಾನ್ಸರ್ ಬಂದಾಗ ಕಾರ್ಟಿಸೋಲ್ ಏರುತ್ತದೋ, ಇಳಿಯುತ್ತದೋ?

ಶುರುವಿನಲ್ಲಿ ಸಾಮಾನ್ಯವಾಗಿ ಏರುತ್ತದೆ. ಗೆಡ್ಡೆಯಿಂದ ಹೊರಬೀಳುವ ಉರಿಯೂತದ ರಾಸಾಯನಿಕಗಳು, ಅದರಲ್ಲೂ ಇಂಟರ್‌ಲ್ಯೂಕಿನ್-6, ಪಿಟ್ಯುಟರಿಯನ್ನು ಬಿಡದೆ ಕೆಣಕುತ್ತವೆ. ಆರೋಗ್ಯವಂತರಲ್ಲಿ ಬೆಳಗಿನ 6ರಿಂದ 8ರ ಹೊತ್ತಿಗೆ ಕಾರ್ಟಿಸೋಲ್ ತುದಿ ಮುಟ್ಟಿ ನಡುರಾತ್ರಿಗೆ ತಳಕ್ಕಿಳಿಯುತ್ತದೆ. ಕಾಯಿಲೆ ಬಲಿತವರಲ್ಲಿ ಈ ಏರಿಳಿತ ಚಪ್ಪಟೆಯಾಗುತ್ತದೆ, ರಾತ್ರಿಯೂ ಮಟ್ಟ ಪೂರ್ತಿ ಇಳಿಯುವುದಿಲ್ಲ. ನಿದ್ದೆ ಕೆಡುವುದಕ್ಕೆ ಇದೂ ಒಂದು ಕಾರಣ. ನುಂಗಲಾಗದೆ ಉಪವಾಸ ಬಿದ್ದ ದೇಹದಲ್ಲಿ ಈ ಹೆಚ್ಚುವರಿ ಕಾರ್ಟಿಸೋಲ್ ಸ್ನಾಯುವಿನ ಪ್ರೋಟೀನನ್ನು ಒಡೆದು ಸಕ್ಕರೆ ಮಾಡುತ್ತದೆ. ತೊಡೆ, ಭುಜ ಬೇಗ ಸೊರಗುವುದು ಇದರಿಂದಲೂ. ಇದಕ್ಕೆ ಕಾರ್ಟಿಸೋಲ್ ಇಳಿಸುವ ಔಷಧಿ ಕೊಡುವುದಿಲ್ಲ. ಮಾಡಬೇಕಾದದ್ದು ಟ್ಯೂಬ್ ಹಾಕಿಯಾದರೂ ಸರಿ, ಆಹಾರ ಒಳಗೆ ಹೋಗುವಂತೆ ನೋಡಿಕೊಳ್ಳುವುದು.

ನೀರೂ ಇಳಿಯದಿದ್ದಾಗ ಆಲ್ಡೊಸ್ಟಿರೋನ್ ಕೂಡ ಏರುತ್ತದೆ. ಅದು ಉಪ್ಪನ್ನು ಹಿಡಿದಿಟ್ಟು ಪೊಟ್ಯಾಸಿಯಂ ಹೊರಹಾಕುತ್ತದೆ. ಮೇಲೆ ಸಿಸ್‌ಪ್ಲಾಟಿನ್ ಎಂಬ ಕಿಮೊ ಔಷಧಿ ಕೊಟ್ಟಿದ್ದರೆ ಮೆಗ್ನೀಸಿಯಮ್ಮೂ ಸೋರಿಹೋಗುತ್ತದೆ. ಮೆಗ್ನೀಸಿಯಂ ತುಂಬದೆ ಪೊಟ್ಯಾಸಿಯಂ ಎಷ್ಟು ಕೊಟ್ಟರೂ ನಿಲ್ಲುವುದಿಲ್ಲ ಎನ್ನುವುದನ್ನು ನೆನಪಿಡಿ.

ಕಿಮೊಗೆ ಮೊದಲು ಕೊಡುವ ಡೆಕ್ಸಾ ಇಂಜೆಕ್ಷನ್ ಅಡ್ರಿನಲ್ ಮೇಲೆ ಪರಿಣಾಮ ಮಾಡುತ್ತದೆಯೇ?

ಮಾಡುತ್ತದೆ. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕಿಮೊ ಔಷಧಿಯಿಂದ ಅಲರ್ಜಿ ಆಗದಿರಲೆಂದು, ವಾಂತಿ ಆಗದಿರಲೆಂದು ಡೆಕ್ಸಾಮೆಥಾಸೋನ್ ಕೊಡುತ್ತಾರೆ. ಇದು ಕಾರ್ಟಿಸೋಲ್‌ನಂತೆ ಕೆಲಸ ಮಾಡುವ ಸ್ಟೀರಾಯ್ಡ್; ಇದು ದೇಹದಲ್ಲಿರುವಾಗ ಪಿಟ್ಯುಟರಿ ಎಸಿಟಿಎಚ್ ಕಳಿಸುವುದನ್ನು ತಗ್ಗಿಸುತ್ತದೆ. ಅದು ಬೇಕೇ ಬೇಕು, ಹೆದರಿ ಬೇಡವೆನ್ನಬೇಡಿ. ಆದರೆ ಅದರ ಬಲ ಗೊತ್ತಿರಲಿ: 0.75 ಮಿ.ಗ್ರಾಂ ಡೆಕ್ಸಾ, 5 ಮಿ.ಗ್ರಾಂ ಪ್ರೆಡ್ನಿಸೊಲೋನ್, 20 ಮಿ.ಗ್ರಾಂ ಹೈಡ್ರೊಕಾರ್ಟಿಸೋನ್ ಈ ಮೂರೂ ಸ್ಟೀರಾಯ್ಡ್‌ಗಳು ಬಲದಲ್ಲಿ ಹೆಚ್ಚುಕಡಿಮೆ ಸಮ. ಅಂದರೆ 12 ಮಿ.ಗ್ರಾಂ ಡೆಕ್ಸಾ ಎಂದರೆ 80 ಮಿ.ಗ್ರಾಂ ಪ್ರೆಡ್ನಿಸೊಲೋನ್. ಒಂದು ಡೋಸ್‌ನ ಪರಿಣಾಮ ಒಂದೂವರೆ ದಿನದಿಂದ ಎರಡು ದಿನದವರೆಗೆ ಉಳಿಯುತ್ತದೆ.

ಶಸ್ತ್ರಚಿಕಿತ್ಸೆಗೆ ಮೊದಲು ಹೆಚ್ಚಾಗಿ ಬಳಸುವ ಕ್ರಾಸ್ ಪದ್ಧತಿಯಲ್ಲಿ ವಾರಕ್ಕೊಮ್ಮೆಯಂತೆ ಐದು ವಾರ ಕಿಮೊ, ಜೊತೆಗೆ 23 ಸಲಕ್ಕೆ ಹಂಚಿ 41.4 ಗ್ರೇ ರೇಡಿಯೇಷನ್ ಇರುತ್ತದೆ. ವಾರಕ್ಕೊಂದು ಡೋಸ್ ಡೆಕ್ಸಾ ಮಾತ್ರವಾದರೆ ಬಹುತೇಕರ ಅಡ್ರಿನಲ್ ನಡುನಡುವೆ ಚೇತರಿಸಿಕೊಳ್ಳುತ್ತದೆ. ಕೆಲವರಿಗೆ ಹಾಗಾಗುವುದಿಲ್ಲ. ಕಿಮೊ ಮರುದಿನಗಳಿಗೂ ವಾಂತಿಯ ಡೆಕ್ಸಾ ಮಾತ್ರೆ, ಮೇಲೆ ಹಸಿವಿಗೆಂದು ಬೇರೆ ಸ್ಟೀರಾಯ್ಡ್, ಅದರ ಮೇಲೆ ಊರಿನ ಕ್ಲಿನಿಕ್ಕಿನಲ್ಲಿ "ಶಕ್ತಿಗೆ" ಹಾಕಿಸಿಕೊಂಡ ಇಂಜೆಕ್ಷನ್ ಎಲ್ಲ ಸೇರಿದರೆ ಒಟ್ಟು ಲೆಕ್ಕ ಯಾರ ಕೈಯಲ್ಲೂ ಇರುವುದಿಲ್ಲ. ಒಂದು ಪುಸ್ತಕದಲ್ಲಿ ಪ್ರತಿ ಸ್ಟೀರಾಯ್ಡ್‌ನ ಹೆಸರು, ಮಿ.ಗ್ರಾಂ, ತಾರೀಕು ಬರೆದಿಡಿ. ಮೂರ್ನಾಲ್ಕು ವಾರಕ್ಕಿಂತ ಹೆಚ್ಚು ದಿನ ಪ್ರತಿದಿನ ತೆಗೆದುಕೊಂಡಿದ್ದರೆ ಅಡ್ರಿನಲ್ ಮಲಗಿದೆ ಎಂದೇ ಭಾವಿಸಿ ನಡೆದುಕೊಳ್ಳಬೇಕು.

ಹಸಿವಾಗಲೆಂದು ಮೆಜೆಸ್ಟ್ರಾಲ್ ಕೊಟ್ಟಿದ್ದಾರೆ. ಅದು ಸ್ಟೀರಾಯ್ಡ್ ಅಲ್ಲವಲ್ಲ?

ಹೆಸರಿಗೆ ಅದು ಪ್ರೊಜೆಸ್ಟಿರೋನ್ ಗುಂಪಿನದು. ಆದರೆ ದಿನಕ್ಕೆ 160ರಿಂದ 800 ಮಿ.ಗ್ರಾಂ ಪ್ರಮಾಣದಲ್ಲಿ ಅದು ಕಾರ್ಟಿಸೋಲ್‌ನಂತೆಯೂ ವರ್ತಿಸುತ್ತದೆ, ಪಿಟ್ಯುಟರಿಯನ್ನು ತಡೆಹಿಡಿಯುತ್ತದೆ. ತಿಂಗಳುಗಟ್ಟಲೆ ತೆಗೆದುಕೊಂಡು ಬಾಟಲಿ ಮುಗಿಯಿತೆಂದು ಒಂದೇ ದಿನ ನಿಲ್ಲಿಸಿದರೆ ವಾರದೊಳಗೆ ಬಿಪಿ ಬಿದ್ದು ಆಸ್ಪತ್ರೆ ಸೇರುವವರಿದ್ದಾರೆ. ಇದನ್ನು ತೆಗೆದುಕೊಳ್ಳುವಾಗ ಜ್ವರ ಬಂದರೆ ಅಥವಾ ಆಪರೇಷನ್ ಇದ್ದರೆ ಹೆಚ್ಚುವರಿ ಹೈಡ್ರೊಕಾರ್ಟಿಸೋನ್ ಬೇಕಾಗಬಹುದು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವನ್ನೂ ಇದು ಹೆಚ್ಚಿಸುತ್ತದೆ, ಆದ್ದರಿಂದ ಒಂದು ಕಾಲು ಮಾತ್ರ ಊದಿದರೆ ಅದೇ ದಿನ ತೋರಿಸಿ.

ಬೇರೆ ಯಾವ ಔಷಧಿಗಳ ಬಗ್ಗೆ ಎಚ್ಚರ ಬೇಕು?

ಅನ್ನನಾಳದಲ್ಲಿ ಬಿಳಿ ಫಂಗಸ್ ಕಟ್ಟುವುದು ಈ ರೋಗಿಗಳಲ್ಲಿ ಸಾಮಾನ್ಯ. ಅದಕ್ಕೆ ಕೊಡುವ ಫ್ಲುಕೋನಜೋಲ್ ಮಾಮೂಲಿ ಡೋಸ್‌ನಲ್ಲಿ ಅಪರೂಪಕ್ಕೆ ಮಾತ್ರ ತೊಂದರೆ ಕೊಡುತ್ತದೆ; ಕೀಟೊಕೋನಜೋಲ್ ಮಾತ್ರೆ ಕಾರ್ಟಿಸೋಲ್ ತಯಾರಿಯನ್ನೇ ತಡೆಯುತ್ತದೆ. ಇಟ್ರಾಕೋನಜೋಲ್ ಜೊತೆ ಉಬ್ಬಸದ ಬ್ಯುಡೆಸೊನೈಡ್ ಅಥವಾ ಫ್ಲುಟಿಕಾಸೋನ್ ಪಂಪ್ ಬಳಸಿದರೆ ಆ ಸ್ಟೀರಾಯ್ಡ್ ದೇಹದಲ್ಲಿ ಕರಗದೆ ಉಳಿದು ಮುಖ ಊದುತ್ತದೆ, ಒಳಗೆ ಅಡ್ರಿನಲ್ ಮಲಗುತ್ತದೆ. ಟಿಬಿಯ ರಿಫಾಂಪಿಸಿನ್, ಫಿಟ್ಸ್‌ನ ಫೆನಿಟಾಯಿನ್ ಇದಕ್ಕೆ ತದ್ವಿರುದ್ಧ: ಹೈಡ್ರೊಕಾರ್ಟಿಸೋನನ್ನು ಬೇಗ ಕರಗಿಸಿಬಿಡುತ್ತವೆ. ನಿನ್ನೆವರೆಗೆ ಸಾಕಾಗಿದ್ದ ಡೋಸ್ ಟಿಬಿ ಮಾತ್ರೆ ಶುರುವಾದ ಮೇಲೆ ಸಾಲದೆ ಬರುವುದು ಇದರಿಂದ. ನೋವಿಗೆ ದೀರ್ಘಕಾಲ ಬಳಸುವ ಮಾರ್ಫಿನ್, ಫೆಂಟನಿಲ್ ಪ್ಯಾಚ್ ಕೂಡ ಪಿಟ್ಯುಟರಿಯನ್ನು ತಡೆಯಬಲ್ಲವು. ಹಾಗೆಂದು ನೋವಿನ ಔಷಧಿ ಬಿಡಬೇಡಿ. ಕಾರ್ಟಿಸೋಲ್ ನೋಡಿ, ಕಡಿಮೆ ಇದ್ದರೆ ತುಂಬಿಕೊಟ್ಟರಾಯಿತು. ರಕ್ತ ಹೆಪ್ಪುಗಟ್ಟದಿರಲು ಚುಚ್ಚುವ ಹೆಪಾರಿನ್ ಆಲ್ಡೊಸ್ಟಿರೋನ್ ತಗ್ಗಿಸಿ ಪೊಟ್ಯಾಸಿಯಂ ಏರಿಸಬಹುದು. ಆಪರೇಷನ್ ನಂತರ ನಾಲ್ಕು ವಾರ ಇದನ್ನು ಹಾಕಿಕೊಳ್ಳುವವರು, ಅದರಲ್ಲೂ ಕಿಡ್ನಿ ತೊಂದರೆ ಅಥವಾ ಸಕ್ಕರೆ ಕಾಯಿಲೆ ಇರುವವರು, ನಡುವೆ ಒಮ್ಮೆ ಪೊಟ್ಯಾಸಿಯಂ ನೋಡಿಸಿ.

ಇಮ್ಯುನೊಥೆರಪಿಯಲ್ಲಿ ಹಾರ್ಮೋನು ಕೆಡುತ್ತದೆ ಎನ್ನುತ್ತಾರೆ, ನಿಜವೇ?

ನಿಜ, ಮತ್ತು ಈ ಪುಟದಲ್ಲಿ ಹೆಚ್ಚು ಗಮನವಿಟ್ಟು ಓದಬೇಕಾದ ಭಾಗ ಇದು. ಕಿಮೊ-ರೇಡಿಯೇಷನ್ ಕೊಟ್ಟು ಆಪರೇಷನ್ ಮಾಡಿದ ಮೇಲೂ ತೆಗೆದ ಭಾಗದಲ್ಲಿ ಕ್ಯಾನ್ಸರ್ ಕಣ ಉಳಿದಿದ್ದರೆ ಒಂದು ವರ್ಷ ನಿವೋಲುಮ್ಯಾಬ್ ಕೊಡುವ ಪದ್ಧತಿ 2021ರಲ್ಲಿ ಪ್ರಕಟವಾದ ಚೆಕ್‌ಮೇಟ್ 577 ಅಧ್ಯಯನದಿಂದ ಬಂತು. ಹರಡಿದ ಕಾಯಿಲೆಯಲ್ಲಿ ಪೆಂಬ್ರೊಲಿಜುಮ್ಯಾಬ್ ಅಥವಾ ನಿವೋಲುಮ್ಯಾಬನ್ನು ಕಿಮೊ ಜೊತೆ ಕೊಡುತ್ತಾರೆ. ಕೆಲವರಿಗೆ ನಿವೋಲುಮ್ಯಾಬ್ ಜೊತೆ ಇಪಿಲಿಮುಮ್ಯಾಬ್.

ಇವು ರೋಗನಿರೋಧಕ ಕಣಗಳ ಕಟ್ಟು ಬಿಚ್ಚುತ್ತವೆ. ಬಿಟ್ಟ ಕಣಗಳು ಒಮ್ಮೊಮ್ಮೆ ಪಿಟ್ಯುಟರಿಯ ಮೇಲೋ ಅಡ್ರಿನಲ್ ಮೇಲೋ ತಿರುಗಿಬೀಳುತ್ತವೆ. ಒಂದೇ ಔಷಧಿ ಕೊಟ್ಟಾಗ ಹೀಗಾಗುವುದು ನೂರರಲ್ಲಿ ಒಬ್ಬರ ಆಸುಪಾಸು; ಇಪಿಲಿಮುಮ್ಯಾಬ್ ಸೇರಿದರೆ ಇದರ ಹಲವು ಪಟ್ಟು. ಇಪಿಲಿಮುಮ್ಯಾಬ್‌ನಲ್ಲಿ ತೊಂದರೆ ಸಾಮಾನ್ಯವಾಗಿ ಎರಡು-ಮೂರು ತಿಂಗಳಿಗೆ ತಲೆನೋವಿನೊಂದಿಗೆ ಬರುತ್ತದೆ. ನಿವೋಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್‌ನಲ್ಲಿ ತಡವಾಗಿ, ಸದ್ದಿಲ್ಲದೆ ಬರುತ್ತದೆ: ತಲೆನೋವಿಲ್ಲ, ಪಿಟ್ಯುಟರಿಯ ಎಂಆರ್‌ಐ ಸರಿಯಾಗೇ ಇದೆ, ಎಸಿಟಿಎಚ್ ಮಾತ್ರ ಇಲ್ಲ. ಚಿಕಿತ್ಸೆ ನಿಲ್ಲಿಸಿ ತಿಂಗಳುಗಳಾದ ಮೇಲೆ ಬಂದದ್ದೂ ಇದೆ. ಆದ್ದರಿಂದ ಕೊನೆಯ ಡ್ರಿಪ್ ಮುಗಿದ ಮೇಲೂ ಕನಿಷ್ಠ ಒಂದು ವರ್ಷ ಈ ಸಾಧ್ಯತೆಯನ್ನು ಮರೆಯಬಾರದು.

ಹೀಗೆ ಹೋದ ಎಸಿಟಿಎಚ್ ಬಹುತೇಕ ಎಂದೂ ಮರಳುವುದಿಲ್ಲ; ಮಾತ್ರೆ ಜೀವನಪೂರ್ತಿ. ಆದರೆ ಇದಕ್ಕಾಗಿ ಇಮ್ಯುನೊಥೆರಪಿಯನ್ನು ಶಾಶ್ವತವಾಗಿ ಬಿಡಬೇಕಿಲ್ಲ. ಹಾರ್ಮೋನು ತುಂಬಿ, ರೋಗಿ ಸುಧಾರಿಸಿಕೊಂಡ ಮೇಲೆ ಮುಂದುವರಿಸಬಹುದು. ಇನ್ನೊಂದು ಮಾತು: ಇದೇ ಔಷಧಿಗಳು ಥೈರಾಯ್ಡನ್ನೂ ಕೆಡಿಸುತ್ತವೆ. ಎರಡೂ ಕಡಿಮೆಯಿದ್ದರೆ ಮೊದಲು ಹೈಡ್ರೊಕಾರ್ಟಿಸೋನ್, ಕೆಲವು ದಿನಗಳ ನಂತರ ಥೈರಾಕ್ಸಿನ್. ಕ್ರಮ ತಪ್ಪಿದರೆ ಥೈರಾಕ್ಸಿನ್ ಇದ್ದಬದ್ದ ಕಾರ್ಟಿಸೋಲನ್ನೂ ಬೇಗ ಖರ್ಚು ಮಾಡಿಸಿ ರೋಗಿಯನ್ನು ಕುಸಿಯುವಂತೆ ಮಾಡುತ್ತದೆ.

ಚಿಕಿತ್ಸೆ ಶುರುವಾಗುವ ಮೊದಲೇ ಬೆಳಗಿನ ಕಾರ್ಟಿಸೋಲ್, ಥೈರಾಯ್ಡಿನ ಟಿಎಸ್‌ಎಚ್ ಮತ್ತು ಫ್ರೀ ಟಿ4, ಸೋಡಿಯಂ-ಪೊಟ್ಯಾಸಿಯಂ, ಸಕ್ಕರೆ ನೋಡಿಟ್ಟುಕೊಳ್ಳುವುದು ಒಳ್ಳೆಯದು. ಮುಂದೆ ಹೋಲಿಸಲು ಅದೇ ಆಧಾರ.

ಕ್ಯಾನ್ಸರ್ ಸುಸ್ತು ಯಾವುದು, ಕಾರ್ಟಿಸೋಲ್ ಕೊರತೆಯ ಸುಸ್ತು ಯಾವುದು?

ಲಕ್ಷಣ ನೋಡಿ ಖಚಿತವಾಗಿ ಹೇಳಲಾಗದು, ಪರೀಕ್ಷೆಯೇ ಬೇಕು. ಆದರೂ ಅನುಮಾನ ಹುಟ್ಟಿಸಬೇಕಾದ ಗುರುತುಗಳಿವೆ. ಗೆಡ್ಡೆ ಕುಗ್ಗಿದೆ, ಸ್ಕ್ಯಾನ್ ಚೆನ್ನಾಗಿದೆ, ನುಂಗುವುದೂ ಸುಧಾರಿಸಿದೆ, ಆದರೂ ರೋಗಿ ಹಾಸಿಗೆ ಬಿಟ್ಟೇಳುತ್ತಿಲ್ಲ. ಎದ್ದು ನಿಂತರೆ ಕಣ್ಣು ಕತ್ತಲೆ. ಅಡ್ಡಿಯಿಲ್ಲದಿದ್ದರೂ ಊಟ ಕಂಡರೆ ವಾಕರಿಕೆ. ವರ್ಷಗಳಿಂದ ನುಂಗುತ್ತಿದ್ದ ಬಿಪಿ ಮಾತ್ರೆಯ ಅದೇ ಡೋಸ್ ಇದ್ದಕ್ಕಿದ್ದಂತೆ ಹೆಚ್ಚಾಗಿ ಬಿಪಿ ಬೀಳುವುದು, ಸಕ್ಕರೆ ಕಾಯಿಲೆಯವರಿಗೆ ಅದೇ ಇನ್ಸುಲಿನ್‌ನಲ್ಲಿ ಶುಗರ್ ಪದೇ ಪದೇ ಇಳಿಯುವುದು ನಮ್ಮ ದೃಷ್ಟಿಯಲ್ಲಿ ಬಹಳ ಬೆಲೆಯುಳ್ಳ ಸುಳಿವುಗಳು.

ಅನ್ನನಾಳ ತೆಗೆದು ಜಠರವನ್ನು ಎದೆಗೆ ಎಳೆದು ಜೋಡಿಸಿದವರಲ್ಲಿ ಡಂಪಿಂಗ್ ಎಂಬ ಇನ್ನೊಂದು ತೊಂದರೆ ಇದನ್ನೇ ಹೋಲುತ್ತದೆ: ಬೆವರು, ಎದೆಬಡಿತ, ತಲೆಸುತ್ತು. ವ್ಯತ್ಯಾಸ ಗಡಿಯಾರದಲ್ಲಿ ಸಿಗುತ್ತದೆ. ಡಂಪಿಂಗ್ ಊಟಕ್ಕೆ ಅಂಟಿಕೊಂಡು ಬರುತ್ತದೆ, ಅರ್ಧ ಗಂಟೆಯೊಳಗೆ, ಇಲ್ಲವೇ ಒಂದರಿಂದ ಮೂರು ಗಂಟೆಗೆ. ಪಾಯಸ, ಸಿಹಿ ಜ್ಯೂಸ್ ಕುಡಿದರೆ ಜೋರಾಗುತ್ತದೆ. ಕಾರ್ಟಿಸೋಲ್ ಕೊರತೆ ಊಟ ನೋಡಿ ಬರುವುದಿಲ್ಲ. ಬರಿಹೊಟ್ಟೆಯಲ್ಲಿ, ಬೆಳಗಿನ ಜಾವ ಹೆಚ್ಚು ಕಾಡುತ್ತದೆ. ಮೂರು ದಿನ ಊಟದ ಹೊತ್ತು, ತೊಂದರೆಯ ಹೊತ್ತು, ಆಗಿನ ಶುಗರ್ ಮತ್ತು ಬಿಪಿ ಬರೆದು ತಂದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ. ಬಿಪಿಯನ್ನು ಮಲಗಿದಾಗ ಒಮ್ಮೆ, ಎದ್ದು ನಿಂತು ಮೂರು ನಿಮಿಷಕ್ಕೆ ಒಮ್ಮೆ ನೋಡಿ. ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ತಿಳಿಸಿ.

ಯಾವ ಪರೀಕ್ಷೆ, ಯಾವ ಹೊತ್ತಿಗೆ?

ಬೆಳಿಗ್ಗೆ 8 ಗಂಟೆಯ ಸುಮಾರಿಗೆ ರಕ್ತದ ಕಾರ್ಟಿಸೋಲ್. ಮಧ್ಯಾಹ್ನ ಕೊಟ್ಟ ರಕ್ತದಲ್ಲಿ ಕಡಿಮೆ ಬಂದರೆ ಅದಕ್ಕೆ ಅರ್ಥವಿಲ್ಲ, ದುಡ್ಡು ದಂಡ. 3 ಮೈಕ್ರೊಗ್ರಾಂಗಿಂತ ಕಡಿಮೆ (ಪ್ರತಿ ಡೆಸಿಲೀಟರ್‌ಗೆ) ಬಂದರೆ ಕೊರತೆ ಬಹುತೇಕ ಖಚಿತ. 15ರಿಂದ 18 ದಾಟಿದರೆ ಕೊರತೆ ಇಲ್ಲವೆನ್ನಬಹುದು. ನಡುವೆ ಬಂದವರಿಗೆ ಎಸಿಟಿಎಚ್ ಚುಚ್ಚಿ ನೋಡುವ ಪರೀಕ್ಷೆ: 250 ಮೈಕ್ರೊಗ್ರಾಂ ಸಿನಾಕ್ಥೆನ್ (ಕೃತಕ ಎಸಿಟಿಎಚ್) ಕೊಟ್ಟು 30 ಮತ್ತು 60ನೇ ನಿಮಿಷಕ್ಕೆ ಕಾರ್ಟಿಸೋಲ್. 18 ದಾಟಬೇಕು, ಹೊಸ ಬಗೆಯ ಯಂತ್ರಗಳಲ್ಲಿ ಈ ಗೆರೆ 14-15ಕ್ಕೆ ಇಳಿದಿದೆ, ಲ್ಯಾಬನ್ನು ಕೇಳಿಕೊಳ್ಳಿ. ಸಿನಾಕ್ಥೆನ್ ಸಿಗದ ಕಡೆ ನಮ್ಮ ದೇಶದ ಆಸ್ಪತ್ರೆಗಳಲ್ಲಿ ದೀರ್ಘಾವಧಿ ಎಸಿಟಿಎಚ್ ಇಂಜೆಕ್ಷನ್ ಬಳಸುವುದೂ ಉಂಟು. ಪಿಟ್ಯುಟರಿ ಸುಮ್ಮನಾಗಿ ಕೆಲವೇ ವಾರಗಳಾಗಿದ್ದರೆ ಅಡ್ರಿನಲ್ ಇನ್ನೂ ಸೊರಗಿರುವುದಿಲ್ಲ, ಈ ಪರೀಕ್ಷೆ ಸುಳ್ಳೇ ಸರಿಯೆಂದು ಬರಬಹುದು.

ಕಾರ್ಟಿಸೋಲ್ ಜೊತೆ ಎಸಿಟಿಎಚ್ ಕೂಡ ಕಳಿಸಬೇಕು. ಕಾರ್ಟಿಸೋಲ್ ಕಡಿಮೆ, ಎಸಿಟಿಎಚ್ ಹೆಚ್ಚು ಎಂದರೆ ತೊಂದರೆ ಗ್ರಂಥಿಯಲ್ಲಿ. ಎರಡೂ ಕಡಿಮೆ ಎಂದರೆ ಪಿಟ್ಯುಟರಿಯಲ್ಲಿ. ಎಸಿಟಿಎಚ್ ಬೇಗ ಒಡೆದುಹೋಗುವ ವಸ್ತು. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ತೆಗೆದು, ತಕ್ಷಣ ಐಸ್‌ನಲ್ಲಿಟ್ಟು, ಬೇಗ ಬೇರ್ಪಡಿಸಬೇಕು. ತಾಲ್ಲೂಕಿನ ಕಲೆಕ್ಷನ್ ಸೆಂಟರ್‌ನಲ್ಲಿ ಕೊಟ್ಟ ರಕ್ತ ಬಸ್ಸಿನಲ್ಲಿ ಬೆಂಗಳೂರಿಗೆ ಹೋದರೆ ಎಸಿಟಿಎಚ್ ಸುಮ್ಮನೆ ಕಡಿಮೆ ಬರುತ್ತದೆ.

ಫಲಿತಾಂಶ ಕೆಡಿಸುವ ಬೇರೆ ಸಂಗತಿಗಳೂ ಇವೆ. ಹೈಡ್ರೊಕಾರ್ಟಿಸೋನ್ ಮತ್ತು ಪ್ರೆಡ್ನಿಸೊಲೋನನ್ನು ಲ್ಯಾಬಿನ ಯಂತ್ರ ಕಾರ್ಟಿಸೋಲ್ ಎಂದೇ ಓದಬಹುದು. ಕೊನೆಯ ಡೋಸ್‌ಗೂ ರಕ್ತಕ್ಕೂ 24 ಗಂಟೆ ಅಂತರ ಬೇಕು, ಅದೂ ವೈದ್ಯರು ಒಪ್ಪಿದರೆ ಮಾತ್ರ. ಡೆಕ್ಸಾ ಹಾಗೆ ಓದಿಸಿಕೊಳ್ಳುವುದಿಲ್ಲ, ಆದರೆ ಮಟ್ಟವನ್ನೇ ಕೆಳಕ್ಕೆ ತಳ್ಳುತ್ತದೆ. ಕಿಮೊ ಮರುದಿನದ ಕಾರ್ಟಿಸೋಲ್ ನೋಡಿ ಗಾಬರಿಯಾಗಬೇಡಿ. ಕೂದಲಿಗೆಂದು ನುಂಗುವ ಬಯೋಟಿನ್ ಮಾತ್ರೆ ಕೆಲವು ಯಂತ್ರಗಳಲ್ಲಿ ಕಾರ್ಟಿಸೋಲನ್ನು ಸುಳ್ಳೇ ಏರಿಸುತ್ತದೆ, ಎರಡು ದಿನ ಮೊದಲೇ ನಿಲ್ಲಿಸಿ. ಇನ್ನು ಆಲ್ಬುಮಿನ್: ಕಾರ್ಟಿಸೋಲ್ ರಕ್ತದಲ್ಲಿ ಪ್ರೋಟೀನುಗಳಿಗೆ ಅಂಟಿಕೊಂಡು ಓಡಾಡುತ್ತದೆ. ಉಪವಾಸದಿಂದ ಆಲ್ಬುಮಿನ್ ತೀರಾ ಇಳಿದವರಲ್ಲಿ ಒಟ್ಟು ಅಂಕಿ ಕಡಿಮೆ ಕಂಡರೂ ಕೆಲಸಕ್ಕೆ ಬರುವ ಕಾರ್ಟಿಸೋಲ್ ಸಾಕಷ್ಟಿರಬಹುದು.

ರೋಗಿ ಕುಸಿದಿದ್ದರೆ ಇದಾವುದಕ್ಕೂ ಕಾಯಬಾರದು. ರಕ್ತ ತೆಗೆದಿಟ್ಟುಕೊಂಡು ಇಂಜೆಕ್ಷನ್ ಕೊಟ್ಟುಬಿಡಬೇಕು.

ಸೋಡಿಯಂ 122 ಬಂದಿದೆ. ನೀರು ಕಡಿಮೆ ಕುಡಿಯಿರಿ ಎಂದಿದ್ದಾರೆ. ಸರಿಯೇ?

ಕಾರ್ಟಿಸೋಲ್ ನೋಡದೆ ಹಾಗೆ ಹೇಳುವುದು ಅಪಾಯ. ಕಾರ್ಟಿಸೋಲ್ ಇಲ್ಲದಾಗ ದೇಹ ನೀರನ್ನು ಹೊರಹಾಕಲಾರದು. ರಕ್ತ-ಮೂತ್ರದ ವರದಿಗಳು, ದೇಹ ಬೇಡದ ನೀರನ್ನು ಹಿಡಿದಿಟ್ಟುಕೊಳ್ಳುವ ಎಸ್‌ಐಎಡಿಎಚ್ ಎಂಬ ಬೇರೆ ತೊಂದರೆಯ ವರದಿಯಂತೆಯೇ ಕಾಣುತ್ತವೆ. ಅಂಥವರಿಗೆ ನೀರು ಕಡಿತ ಮಾಡಿದರೆ ಬಿಪಿ ಇನ್ನೂ ಬೀಳುತ್ತದೆ. ಹೈಡ್ರೊಕಾರ್ಟಿಸೋನ್ ಕೊಟ್ಟರೆ ಸೋಡಿಯಂ ತಾನಾಗಿ ಏರುತ್ತದೆ, ಕೆಲವೊಮ್ಮೆ ಬೇಕಾದ್ದಕ್ಕಿಂತ ವೇಗವಾಗಿ. ಹಾಗಾಗಿ ಮೊದಲ 24 ಗಂಟೆ ನಾಲ್ಕಾರು ಗಂಟೆಗೊಮ್ಮೆ ಸೋಡಿಯಂ ನೋಡಬೇಕು.

ಸಿಟಿಯಲ್ಲಿ ಅಡ್ರಿನಲ್ ಗಂಟು ಕಂಡಿದೆ. ಕ್ಯಾನ್ಸರ್ ಹರಡಿತೇ?

ಹಾಗೆಂದು ಆಗಲೇ ತೀರ್ಮಾನಿಸಬೇಡಿ. ಏನೂ ತೊಂದರೆಯಿಲ್ಲದ ಅಡ್ರಿನಲ್ ಗಂಟುಗಳು ಜನಸಾಮಾನ್ಯರಲ್ಲೂ, ಅದರಲ್ಲೂ ವಯಸ್ಸಾದವರಲ್ಲಿ, ಸಾಕಷ್ಟು ಕಾಣುತ್ತವೆ. ಕಾಂಟ್ರಾಸ್ಟ್ ಹಾಕದ ಸಿಟಿಯಲ್ಲಿ ಸಾಂದ್ರತೆ 10 ಹೌನ್ಸ್‌ಫೀಲ್ಡ್ ಅಥವಾ ಕಡಿಮೆ ಇದ್ದು ಒಂದೇ ಸಮನಾಗಿದ್ದರೆ ಅದು ಕೊಬ್ಬು ತುಂಬಿದ ನಿರುಪದ್ರವಿ ಗಂಟು. ಹೆಚ್ಚಿದ್ದರೆ, ಪೆಟ್ ಸ್ಕ್ಯಾನ್‌ನಲ್ಲಿ ಹೊಳೆದರೆ ಮುಂದಿನ ತನಿಖೆ ಬೇಕು. ಹರಡಿದೆಯೋ ಇಲ್ಲವೋ ಎನ್ನುವುದರ ಮೇಲೆ ಆಪರೇಷನ್ ಮಾಡುವ ತೀರ್ಮಾನವೇ ನಿಂತಿರುವುದರಿಂದ ಇಲ್ಲಿ ಅಂದಾಜು ಸಲ್ಲದು. ನಮ್ಮಲ್ಲಿ ಟಿಬಿಯೂ ಎರಡೂ ಅಡ್ರಿನಲ್‌ಗಳನ್ನು ಊದಿಸಬಲ್ಲದು.

ಸೂಜಿ ಹಾಕಿ ತುಣುಕು ತೆಗೆಯುವ ಮೊದಲು ರಕ್ತದಲ್ಲಿ ಮೆಟನೆಫ್ರಿನ್ (ಅಡ್ರಿನಲಿನ್‌ನಿಂದ ಆಗುವ ವಸ್ತು) ನೋಡಲೇಬೇಕು. ಅಡ್ರಿನಲಿನ್ ಉಕ್ಕಿಸುವ ಫಿಯೊಕ್ರೊಮೊಸೈಟೋಮ ಎಂಬ ಗಂಟಾಗಿದ್ದರೆ ಸೂಜಿ ತಾಗಿದೊಡನೆ ಬಿಪಿ ಪ್ರಾಣಕ್ಕೆ ಬರುವಷ್ಟು ಏರುತ್ತದೆ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ದೊಡ್ಡ ಡೋಸ್ ಡೆಕ್ಸಾ ಕೂಡ ಅಂಥವರಲ್ಲಿ ಇದೇ ಅನಾಹುತ ಮಾಡಬಲ್ಲವು. ನಿಜಕ್ಕೂ ಹರಡಿದ್ದೇ ಆದರೂ ಹಾರ್ಮೋನು ಕೊರತೆ ಬರುವುದು ಎರಡೂ ಕಡೆಯ ಗ್ರಂಥಿ ಸುಮಾರು ಶೇ. 90ರಷ್ಟು ನಾಶವಾದಾಗ.

ಆಪರೇಷನ್ ಸಮಯದಲ್ಲಿ ಏನು ಮಾಡುತ್ತಾರೆ?

ಎದೆ, ಹೊಟ್ಟೆ ಎರಡನ್ನೂ ಒಳಗೊಳ್ಳುವ ಅನ್ನನಾಳದ ಆಪರೇಷನ್ ದೇಹಕ್ಕೆ ಬಹುದೊಡ್ಡ ಪೆಟ್ಟು. ಆರೋಗ್ಯವಂತ ಅಡ್ರಿನಲ್ ಅಂದು ಹಲವು ಪಟ್ಟು ಕಾರ್ಟಿಸೋಲ್ ಸುರಿಸುತ್ತದೆ, ಕೆಲವು ದಿನಗಳಲ್ಲಿ ಇಳಿಯುತ್ತದೆ. ಅಡ್ರಿನಲ್ ಮಲಗಿರುವವರಿಗೆ ಅದನ್ನು ಹೊರಗಿನಿಂದ ಕೊಡಬೇಕು: ಅರಿವಳಿಕೆ ಶುರುವಾಗುವಾಗ 100 ಮಿ.ಗ್ರಾಂ ಹೈಡ್ರೊಕಾರ್ಟಿಸೋನ್ ನರಕ್ಕೆ, ಆಮೇಲೆ 24 ಗಂಟೆಗೆ 200 ಮಿ.ಗ್ರಾಂ ಡ್ರಿಪ್‌ನಲ್ಲಿ. ಟ್ಯೂಬ್ ಮೂಲಕ ಆಹಾರ ಸರಿಯಾಗಿ ಹೋಗತೊಡಗಿದ ಮೇಲೆ ಮಾಮೂಲಿಯ ದುಪ್ಪಟ್ಟು ಡೋಸ್, ನಂತರ ನಿಧಾನವಾಗಿ ಮಾಮೂಲಿಗೆ. ಪ್ರಜ್ಞೆ ತಪ್ಪಿಸಲು ಬಳಸುವ ಎಟೊಮಿಡೇಟ್ ಒಂದೇ ಡೋಸ್‌ನಲ್ಲಿ ಒಂದು ದಿನದವರೆಗೆ ಕಾರ್ಟಿಸೋಲ್ ತಯಾರಿ ತಡೆಯುತ್ತದೆ. ಬೇರೆ ಔಷಧಿ ಇರುವಾಗ ಅದು ಬೇಡ.

ಆಪರೇಷನ್ ನಂತರ ಬಿಪಿ ಬಿದ್ದರೆ ಮೊದಲು ನೋಡಬೇಕಾದ್ದು ಜೋಡಣೆ ಸೋರುತ್ತಿದೆಯೇ, ನ್ಯುಮೋನಿಯಾ ಇದೆಯೇ, ರಕ್ತಸ್ರಾವವೇ ಎಂದು. ಎಲ್ಲವನ್ನೂ ಅಡ್ರಿನಲ್ ಮೇಲೆ ಹೊರಿಸಿ ಸ್ಟೀರಾಯ್ಡ್ ಕೊಟ್ಟು ಕೂತರೆ ಸೋರಿಕೆ ಮರೆಯಾಗುತ್ತದೆ, ಜ್ವರವೂ ಕಾಣುವುದಿಲ್ಲ. ಸೋಂಕಿನ ಆಘಾತದಲ್ಲಿ ನಾರ್‌ಅಡ್ರಿನಲಿನ್ ನಿಮಿಷಕ್ಕೆ ಪ್ರತಿ ಕೆ.ಜಿ.ಗೆ 0.25 ಮೈಕ್ರೊಗ್ರಾಂ ದಾಟಿ ನಾಲ್ಕು ಗಂಟೆಯಾದರೂ ಬಿಪಿ ನಿಲ್ಲದಿದ್ದರೆ ದಿನಕ್ಕೆ 200 ಮಿ.ಗ್ರಾಂ ಹೈಡ್ರೊಕಾರ್ಟಿಸೋನ್ ಸೇರಿಸುವುದು ಈಗಿನ ಪದ್ಧತಿ. ಅದಕ್ಕೆ ಕಾರ್ಟಿಸೋಲ್ ಪರೀಕ್ಷೆ ಬೇಕಿಲ್ಲ.

ಎಂಡೊಸ್ಕೋಪಿ, ಸ್ಟೆಂಟ್, ಅನ್ನನಾಳ ಹಿಗ್ಗಿಸುವುದು ಇಂಥ ಸಣ್ಣ ವಿಧಾನಗಳಿಗೂ ಮೊದಲೇ ತಿಳಿಸಿ. ಬರಿಹೊಟ್ಟೆಯಲ್ಲಿ ಬನ್ನಿ ಎಂದರೆಂದು ಬೆಳಗಿನ ಸ್ಟೀರಾಯ್ಡ್ ಬಿಟ್ಟು ಬರುವುದು ತೀರಾ ಸಾಮಾನ್ಯವಾದ ತಪ್ಪು.

ಕೊರತೆ ಖಚಿತವಾದರೆ ಚಿಕಿತ್ಸೆ ಏನು? ನುಂಗಲು ಆಗದವರಿಗೆ ಹೇಗೆ ಕೊಡುವುದು?

ಹೈಡ್ರೊಕಾರ್ಟಿಸೋನ್ ದಿನಕ್ಕೆ 15ರಿಂದ 25 ಮಿ.ಗ್ರಾಂ, ಎರಡು ಮೂರು ಭಾಗ ಮಾಡಿ: ಎದ್ದ ಕೂಡಲೇ 10, ಮಧ್ಯಾಹ್ನ 5, ಸಂಜೆ 4-5ರೊಳಗೆ 5. ರಾತ್ರಿ ಕೊಟ್ಟರೆ ನಿದ್ದೆ ಹೋಗುತ್ತದೆ. ಅದು ಸಿಗದಿದ್ದರೆ ಪ್ರೆಡ್ನಿಸೊಲೋನ್ 3ರಿಂದ 5 ಮಿ.ಗ್ರಾಂ ಬೆಳಿಗ್ಗೆ ಒಂದೇ ಸಲ. ಗ್ರಂಥಿಯೇ ಹಾಳಾಗಿದ್ದರೆ ಮಾತ್ರ ಜೊತೆಗೆ ಆಲ್ಡೊಸ್ಟಿರೋನ್ ಬದಲಿಗೆ ಫ್ಲುಡ್ರೊಕಾರ್ಟಿಸೋನ್ 50ರಿಂದ 200 ಮೈಕ್ರೊಗ್ರಾಂ. ಅವರು ಉಪ್ಪು ಕಡಿಮೆ ಮಾಡಬಾರದು.

ಇದು ದೇಹ ತಾನೇ ಮಾಡಿಕೊಳ್ಳಬೇಕಿದ್ದಷ್ಟನ್ನು ತುಂಬುವ ಪ್ರಮಾಣ. "ಸ್ಟೀರಾಯ್ಡ್ ಬೇಡ, ಮೂಳೆ ಸವೆಯುತ್ತದೆ" ಎಂಬ ಭಯ ಈ ಡೋಸ್‌ಗೆ ಸಲ್ಲದು.

ಮೂಗಿನ ಟ್ಯೂಬ್ ಅಥವಾ ಹೊಟ್ಟೆಯ ಎಫ್‌ಜೆ ಟ್ಯೂಬ್ (ಸಣ್ಣ ಕರುಳಿಗೆ ಆಹಾರ ಕೊಡಲು ಹಾಕಿದ್ದು) ಇದ್ದರೆ: ಸಾದಾ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ 15-20 ಮಿ.ಲೀ. ಉಗುರುಬೆಚ್ಚಗಿನ ನೀರಿನಲ್ಲಿ ಕಲಕಿ. ಮೊದಲು 30 ಮಿ.ಲೀ. ನೀರು ಬಿಡಿ, ಔಷಧಿ ಬಿಡಿ, ಲೋಟದ ತಳಕ್ಕೆ ಸ್ವಲ್ಪ ನೀರು ಹಾಕಿ ಅದನ್ನೂ ಬಿಡಿ, ಕೊನೆಗೆ ಮತ್ತೆ 30 ಮಿ.ಲೀ. ಗಂಜಿಯಲ್ಲೋ ಹಾಲಿನಲ್ಲೋ ಬೆರೆಸಬೇಡಿ. ಊಟ ಅರ್ಧಕ್ಕೆ ನಿಂತರೆ ಡೋಸೂ ಅರ್ಧವಾಗುತ್ತದೆ. ಆಂಟಾಸಿಡ್, ಸುಕ್ರಾಲ್ಫೇಟ್ ಸಿರಪ್‌ನ ಜೊತೆಗೂ ಬೇಡ, ಎರಡು ಗಂಟೆ ಅಂತರವಿರಲಿ. ಕರುಳಿನಲ್ಲಿ ಕರಗುವ ಕೋಟಿಂಗ್ ಇರುವ ಅಥವಾ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಪುಡಿ ಮಾಡಬಾರದು.

ಎಫ್‌ಜೆ ಟ್ಯೂಬ್ ಕಿತ್ತುಬಂದರೆ ರಂಧ್ರ ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳತೊಡಗುತ್ತದೆ, ತಡಮಾಡದೆ ಆಸ್ಪತ್ರೆಗೆ ಹೋಗಿ. ಮುಂದಿನ ಡೋಸ್ ಹೊತ್ತಿಗೆ ಟ್ಯೂಬ್ ಸಿದ್ಧವಾಗದಿದ್ದರೆ ಇಂಜೆಕ್ಷನ್ ಕೇಳಿ ಪಡೆಯಿರಿ. ಎಂಜಲೂ ಇಳಿಯದ ಸ್ಥಿತಿಗೆ ಬಂದು ಟ್ಯೂಬ್ ಬೇಡವೆಂದು ನಿರ್ಧರಿಸಿದವರಿಗೆ ದಿನಕ್ಕೊಮ್ಮೆ ಚರ್ಮದಡಿ ಡೆಕ್ಸಾ ಕೊಡುವ ದಾರಿ ಇದೆ. ಪ್ಯಾಲಿಯೇಟಿವ್ ತಂಡದವರು ಮನೆಯವರಿಗೆ ಕಲಿಸಿಕೊಡುತ್ತಾರೆ.

ಜ್ವರ, ವಾಂತಿ, ಬೇಧಿ ಬಂದರೆ?

ಜ್ವರ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ದಾಟಿದರೆ ಡೋಸ್ ದುಪ್ಪಟ್ಟು, 39 (102.2) ದಾಟಿದರೆ ಮೂರು ಪಟ್ಟು, ಜ್ವರ ಬಿಡುವವರೆಗೆ, ಸಾಮಾನ್ಯವಾಗಿ ಎರಡು-ಮೂರು ದಿನ. ಕಿಮೊ ನಡೆಯುತ್ತಿರುವವರು ಡೋಸ್ ಏರಿಸಿ ಮನೆಯಲ್ಲಿ ಕೂರಬಾರದು, ಬಿಳಿ ರಕ್ತಕಣ ಇಳಿದಿರಬಹುದು. ಅದೇ ಹೊತ್ತಿಗೆ ಆಸ್ಪತ್ರೆಗೆ. ಮಾತ್ರೆ ನುಂಗಿ ಅರ್ಧ ಗಂಟೆಯೊಳಗೆ ವಾಂತಿಯಾದರೆ ಮತ್ತೊಮ್ಮೆ ಕೊಡಿ. ಅದೂ ಹೊರಬಂದರೆ ಇಂಜೆಕ್ಷನ್ನೇ ಬೇಕು.

ಮನೆಯಲ್ಲಿ ಒಂದು ಡಬ್ಬಿ ಇಟ್ಟುಕೊಳ್ಳಿ: 100 ಮಿ.ಗ್ರಾಂ ಹೈಡ್ರೊಕಾರ್ಟಿಸೋನ್ ಸೋಡಿಯಂ ಸಕ್ಸಿನೇಟ್ ಪುಡಿಯ ವಯಲ್ ಎರಡು, ಇಂಜೆಕ್ಷನ್‌ಗೆಂದೇ ಬರುವ ನೀರು, ಸಿರಿಂಜ್, 23 ನಂಬರಿನ ಸೂಜಿ, ಸ್ಪಿರಿಟ್ ಹತ್ತಿ. 2 ಮಿ.ಲೀ. ನೀರನ್ನು ವಯಲ್‌ಗೆ ಬಿಟ್ಟು, ತಿಳಿಯಾಗುವವರೆಗೆ ಅಲ್ಲಾಡಿಸಿ, ಪೂರ್ತಿ ಎಳೆದುಕೊಂಡು ತೊಡೆಯ ಹೊರಭಾಗದ ನಡುವೆ ನೇರವಾಗಿ ಸ್ನಾಯುವಿಗೆ ಚುಚ್ಚಿ. ಹೊರಗಿನ ಬಟ್ಟೆ ತೆಳುವಾಗಿದ್ದರೆ ಅದರ ಮೇಲೆಯೇ ಚುಚ್ಚಿದರೂ ಆಗುತ್ತದೆ. ಅನುಮಾನವಿದ್ದರೆ ಚುಚ್ಚುವುದೇ ಸರಿ. ಒಂದು ಡೋಸ್ ಹೆಚ್ಚಾಗಿ ಯಾರಿಗೂ ಅಪಾಯವಾಗದು, ಕೊಡದಿದ್ದರೆ ಆಗಬಹುದು. ಆಮೇಲೆ 108ಕ್ಕೆ ಕರೆ ಮಾಡಿ. ಡಬ್ಬಿ ಇಲ್ಲದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ: ಉಬ್ಬಸಕ್ಕೆ, ಅಲರ್ಜಿಗೆ ಹಾಕುವುದು ಇದೇ ಇಂಜೆಕ್ಷನ್. ಅದೂ ಸಿಗದಿದ್ದರೆ 4 ಮಿ.ಗ್ರಾಂ ಡೆಕ್ಸಾ ಆಗುತ್ತದೆ. ಆಸ್ಪತ್ರೆಯಲ್ಲಿ ಮೊದಲ ಗಂಟೆಯಲ್ಲಿ ಒಂದು ಲೀಟರ್ ನಾರ್ಮಲ್ ಸಲೈನ್, ಆಮೇಲೆ ಆರು ಗಂಟೆಗೊಮ್ಮೆ 50 ಮಿ.ಗ್ರಾಂ ಹೈಡ್ರೊಕಾರ್ಟಿಸೋನ್. ಹೃದಯ ದುರ್ಬಲವಿದ್ದರೆ ಸಲೈನ್ ನೋಡಿಕೊಂಡು.

ಜೇಬಿನಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದ ಚೀಟಿ ಇರಲಿ: "ನನಗೆ ಕಾರ್ಟಿಸೋಲ್ ಕೊರತೆ ಇದೆ. ದಿನವೂ ಸ್ಟೀರಾಯ್ಡ್ ಬೇಕು, ನಿಲ್ಲಿಸುವಂತಿಲ್ಲ. ವಾಂತಿ, ಅಪಘಾತ, ಪ್ರಜ್ಞೆ ತಪ್ಪಿದಾಗ ತಕ್ಷಣ ಹೈಡ್ರೊಕಾರ್ಟಿಸೋನ್ 100 ಮಿ.ಗ್ರಾಂ ಇಂಜೆಕ್ಷನ್ ಕೊಡಿ." ಕೆಳಗೆ ಈಗಿನ ಡೋಸ್, ಆಸ್ಪತ್ರೆಯ ಫೋನ್ ನಂಬರ್.

ಬೇರೆ ಕಾರಣಕ್ಕೆ ಕೊಟ್ಟ ಸ್ಟೀರಾಯ್ಡನ್ನು ನಿಲ್ಲಿಸುವುದು ಹೇಗೆ?

ಮೂರು ವಾರದೊಳಗಿನದಾದರೆ ಸಾಮಾನ್ಯವಾಗಿ ಹಾಗೇ ನಿಲ್ಲಿಸಬಹುದು. ಹೆಚ್ಚು ದಿನವಾಗಿದ್ದರೆ ಹಂತಹಂತವಾಗಿ ಪ್ರೆಡ್ನಿಸೊಲೋನ್ 5 ಮಿ.ಗ್ರಾಂ ಸಮಕ್ಕೆ ಇಳಿಸಿ ಅಲ್ಲಿ ನಿಲ್ಲಬೇಕು. ಡೆಕ್ಸಾ ಇದ್ದರೆ ಈ ಹಂತದಲ್ಲಿ ಪ್ರೆಡ್ನಿಸೊಲೋನ್‌ಗೋ ಹೈಡ್ರೊಕಾರ್ಟಿಸೋನ್‌ಗೋ ಬದಲಾಯಿಸಬೇಕು. ಆಮೇಲೆ, ಅಂದಿನ ಡೋಸ್ ತೆಗೆದುಕೊಳ್ಳುವ ಮೊದಲು, ಬೆಳಗಿನ ಕಾರ್ಟಿಸೋಲ್. 10 ಮೈಕ್ರೊಗ್ರಾಂ ದಾಟಿದರೆ ನಿಲ್ಲಿಸಬಹುದು. 5ರಿಂದ 10 ಇದ್ದರೆ ಮುಂದುವರಿಸಿ ಕೆಲವು ವಾರಗಳ ನಂತರ ಮತ್ತೆ ನೋಡಿ. 5ಕ್ಕಿಂತ ಕಡಿಮೆಯಿದ್ದರೆ ತಿಂಗಳುಗಳೇ ಬೇಕಾದೀತು. ಇಳಿಸುವಾಗ ಮೈಕೈ ನೋವು, ಬೇಸರ ಬರುವುದುಂಟು. ಮಟ್ಟ ಸರಿಯಿದ್ದೂ ಹೀಗಾದರೆ ಇಳಿಸುವ ವೇಗ ತಗ್ಗಿಸಿದರೆ ಸಾಕು.

ಕಾರ್ಟಿಸೋಲ್ ವಿಪರೀತ ಹೆಚ್ಚಾಗುವುದೂ ಉಂಟೇ?

ಹೊರಗಿನಿಂದ ಕೊಟ್ಟ ಸ್ಟೀರಾಯ್ಡ್‌ನಿಂದ ಸಾಮಾನ್ಯ. ಬೆಳಿಗ್ಗೆ ಡೆಕ್ಸಾ ಕೊಟ್ಟರೆ ಶುಗರ್ ಏರುವುದು ಮಧ್ಯಾಹ್ನದಿಂದ ರಾತ್ರಿಗೆ. ಬೆಳಗಿನ ಬರಿಹೊಟ್ಟೆಯ ಶುಗರ್ ಮಾತ್ರ ನೋಡಿದರೆ ಗೊತ್ತೇ ಆಗುವುದಿಲ್ಲ. ಗೆಡ್ಡೆಯೇ ಎಸಿಟಿಎಚ್ ಸುರಿಸುವುದು ಅಪರೂಪ, ಹೆಚ್ಚಾಗಿ ಅನ್ನನಾಳದ ಸ್ಮಾಲ್ ಸೆಲ್ ಬಗೆಯಲ್ಲಿ. ಅಂಥವರು ದಪ್ಪಗಾಗುವುದಿಲ್ಲ, ಸೊರಗುತ್ತಲೇ ಹೋಗುತ್ತಾರೆ. ಸುಳಿವು ಕೊಡುವುದು ಎಷ್ಟು ತುಂಬಿದರೂ ನಿಲ್ಲದ ಪೊಟ್ಯಾಸಿಯಂ, ಹೊಸದಾಗಿ ಬಂದ ಬಿಪಿ ಮತ್ತು ಶುಗರ್, ಮೆಟ್ಟಿಲು ಹತ್ತಲಾಗದ ತೊಡೆ.

ಗಂಟಲಿಗೆ ಜ್ಯೇಷ್ಠಮಧು ಕಷಾಯ ಕುಡಿಯಬಹುದೇ? "ಅಡ್ರಿನಲ್ ಫಟೀಗ್" ಪುಡಿಗಳು?

ನುಂಗಲು ಕಷ್ಟವಾದಾಗ ಮನೆಯಲ್ಲಿ ಮೊದಲು ಕೊಡುವುದೇ ಜ್ಯೇಷ್ಠಮಧು, ಅಂದರೆ ಅತಿಮಧುರ. ಒಂದೆರಡು ದಿನ ಚೂರು ಚೀಪಿದರೆ ಏನಾಗದು. ವಾರಗಟ್ಟಲೆ ಕಷಾಯ ಕುಡಿದರೆ ಅದರಲ್ಲಿರುವ ಗ್ಲಿಸಿರೈಜಿನ್ ಮೂತ್ರಪಿಂಡದಲ್ಲಿ ಕಾರ್ಟಿಸೋಲನ್ನು ನಿಷ್ಕ್ರಿಯಗೊಳಿಸುವ ಕಿಣ್ವವನ್ನು ತಡೆಯುತ್ತದೆ. ಕಾರ್ಟಿಸೋಲ್ ಆಗ ಆಲ್ಡೊಸ್ಟಿರೋನ್‌ನ ಕೆಲಸ ಮಾಡತೊಡಗಿ ಬಿಪಿ ಏರುತ್ತದೆ, ಕಾಲು ಊದುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಸಿಸ್‌ಪ್ಲಾಟಿನ್ ಪಡೆಯುತ್ತಿರುವವರಿಗೆ, ಆಪರೇಷನ್ ನಂತರ ಹೃದಯಬಡಿತ ತಪ್ಪಿದವರಿಗೆ ಇದು ಖಂಡಿತ ಬೇಡ. ಕುಡಿಯುತ್ತಿದ್ದರೆ ಮುಚ್ಚಿಡದೆ ಹೇಳಿ.

"ಅಡ್ರಿನಲ್ ಫಟೀಗ್" ಎಂಬ ಕಾಯಿಲೆಯನ್ನು ಹಾರ್ಮೋನು ತಜ್ಞರು ಒಪ್ಪುವುದಿಲ್ಲ. ಅದರ ಹೆಸರಿನಲ್ಲಿ ಮಾರುವ ಪುಡಿ, ಎಂಜಲು ಪರೀಕ್ಷೆಯ ಕಿಟ್‌ಗೆ ದುಡ್ಡು ಹಾಕಬೇಡಿ. ತೂಕ ಬರಿಸುತ್ತೇವೆ, ಹಸಿವು ತರುತ್ತೇವೆ ಎಂದು ಲೇಬಲ್ ಇಲ್ಲದೆ ಕೊಡುವ ಮಾತ್ರೆ-ಪುಡಿಗಳಲ್ಲಿ ಡೆಕ್ಸಾ ಬೆರೆಸಿರುವ ಸಾಧ್ಯತೆ ಇರುತ್ತದೆ. ನಾಲ್ಕು ದಿನ ಚೆನ್ನಾಗಿ ಊಟ ಸೇರಿ, ಮುಖ ತುಂಬಿಕೊಂಡು, ನಿಲ್ಲಿಸಿದೊಡನೆ ರೋಗಿ ಕುಸಿದರೆ ಅದನ್ನೇ ಅನುಮಾನಿಸಿ, ಉಳಿದ ಪೊಟ್ಟಣದೊಂದಿಗೆ ತಕ್ಷಣ ಆಸ್ಪತ್ರೆಗೆ ಬನ್ನಿ; ಕಾರ್ಟಿಸೋಲ್‌ಗೆ ರಕ್ತ ತೆಗೆದಿಟ್ಟುಕೊಂಡು, ಫಲಿತಾಂಶಕ್ಕೆ ಕಾಯದೆ ಇಂಜೆಕ್ಷನ್ ಕೊಡಬೇಕು.